ಯಕೃತ್ತಿನ ಕ್ಯಾನ್ಸರ್ ಔಷಧ ಚಿಕಿತ್ಸೆಯಲ್ಲಿ ಜೀರ್ಣಾಂಗ ರಕ್ತಸ್ರಾವ

ಯಕೃತ್ತಿನ ಕ್ಯಾನ್ಸರಿಗೆ ಮಾತ್ರೆ ಅಥವಾ ಡ್ರಿಪ್ ರೂಪದಲ್ಲಿ ಔಷಧ ನಡೆಯುತ್ತಿರುವಾಗ ಅನ್ನನಾಳ, ಜಠರ ಇಲ್ಲವೆ ಕರುಳಿನಿಂದ ರಕ್ತ ಹರಿಯುವುದು ಈ ಚಿಕಿತ್ಸೆಯ ಗಂಭೀರ ತೊಡಕುಗಳಲ್ಲಿ ಒಂದು. ಯಕೃತ್ತಿನಲ್ಲೇ ಹುಟ್ಟುವ ಕ್ಯಾನ್ಸರುಗಳಲ್ಲಿ ಬಹುಪಾಲು ಹೆಪಟೊಸೆಲ್ಯುಲರ್ ಕಾರ್ಸಿನೋಮ ಎಂಬ ಬಗೆಯವು. ವೈದ್ಯರ ಬಾಯಲ್ಲಿ ಇದು ಎಚ್‌ಸಿಸಿ. ಬೇರೆ ಅಂಗದಿಂದ ಯಕೃತ್ತಿಗೆ ಹರಡಿದ ಕ್ಯಾನ್ಸರಿನ ಮಾತು ಇಲ್ಲಿಲ್ಲ. 2022ರ ಜಾಗತಿಕ ಅಂದಾಜಿನಂತೆ ಆ ಒಂದು ವರ್ಷದಲ್ಲಿ ಸುಮಾರು 8.65 ಲಕ್ಷ ಮಂದಿಗೆ ಯಕೃತ್ತಿನ ಕ್ಯಾನ್ಸರ್ ಪತ್ತೆಯಾಯಿತು, ಸುಮಾರು 7.58 ಲಕ್ಷ ಮಂದಿ ಅದರಿಂದ ತೀರಿಕೊಂಡರು. ಎರಡು ಅಂಕಿಗಳ ನಡುವಿನ ಅಂತರ ಇಷ್ಟು ಕಿರಿದಾಗಿರುವುದೇ ಈ ರೋಗದ ಸ್ವಭಾವ ಎಂಥದೆಂದು ತಿಳಿಸುತ್ತದೆ.

ಈ ರಕ್ತಸ್ರಾವವನ್ನು ಔಷಧದ ಅಡ್ಡಪರಿಣಾಮ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ರೂಢಿಯಿದೆ. ಅದು ಅರ್ಧ ಸತ್ಯ. ಎಚ್‌ಸಿಸಿ ಬಂದ ಹತ್ತು ಮಂದಿಯಲ್ಲಿ ಎಂಟೊಂಬತ್ತು ಮಂದಿಗೆ ಅದಕ್ಕೂ ಮುಂಚೆ ಸಿರೋಸಿಸ್ ಇರುತ್ತದೆ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಮದ್ಯ, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ಜೊತೆಗೆ ಬರುವ ಕೊಬ್ಬಿನ ಲಿವರ್: ಕಾರಣ ಯಾವುದೇ ಇರಲಿ, ವರ್ಷಗಟ್ಟಲೆ ಗಾಯವಾಗಿ ಮಾಗಿ, ಮತ್ತೆ ಗಾಯವಾಗಿ ಮಾಗಿ ಗಟ್ಟಿಯಾದ ಯಕೃತ್ತಿನಲ್ಲೇ ಗಡ್ಡೆ ಬೆಳೆಯುತ್ತದೆ. ಅಂದರೆ ಒಂದೇ ದೇಹದಲ್ಲಿ ಎರಡು ರೋಗ. ರಕ್ತ ಸುರಿಯಲು ಬೇಕಾದ ಏರ್ಪಾಡನ್ನು ಸಿರೋಸಿಸ್ ಮೊದಲೇ ಮಾಡಿಟ್ಟಿರುತ್ತದೆ. ಕ್ಯಾನ್ಸರ್ ಅದನ್ನು ಹದಗೆಡಿಸುತ್ತದೆ. ಔಷಧ ಕೊನೆಗೆ ಬಂದು ಸೇರಿಕೊಳ್ಳುತ್ತದೆ. ಹಾಗಾಗಿ ಯಾವ ಔಷಧಕ್ಕೆ ಶೇಕಡಾ ಎಷ್ಟು ಅಪಾಯ ಎಂದು ಕೇಳುವುದಕ್ಕಿಂತ, ಮೊದಲ ಡೋಸಿಗೆ ಮುನ್ನ ಈ ವ್ಯಕ್ತಿಯ ಅನ್ನನಾಳವನ್ನು ಯಾರಾದರೂ ನೋಡಿದ್ದಾರೆಯೇ ಎಂದು ಕೇಳುವುದು ಹೆಚ್ಚು ಉಪಯುಕ್ತ.

ರಕ್ತ ಎಲ್ಲಿಂದ ಬರುತ್ತದೆ

ಯಕೃತ್ತಿಗೆ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಹರಿದುಬರುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಪೋರ್ಟಲ್ ಅಭಿಧಮನಿಯದು. ಕರುಳು, ಜಠರ, ಗುಲ್ಮಗಳಿಂದ ಹೊರಟ ರಕ್ತವನ್ನು ಯಕೃತ್ತಿಗೆ ತಲುಪಿಸುವ ದೊಡ್ಡ ನಾಳ ಇದು. ಯಕೃತ್ತು ಗಟ್ಟಿಯಾದಾಗ ಈ ರಕ್ತಕ್ಕೆ ಒಳಗೆ ನುಗ್ಗಲು ದಾರಿ ಸಾಲದು. ಏರಿ ಕಟ್ಟಿದ ಕಡೆ ನಿಂತ ನೀರು ಪಕ್ಕದ ಹಳ್ಳಗಳನ್ನು ಹುಡುಕಿಕೊಂಡು ಹೋಗುವಂತೆ, ರಕ್ತವೂ ಅನ್ನನಾಳದ ಕೆಳತುದಿ ಮತ್ತು ಜಠರದ ಮೇಲ್ಭಾಗದ ಸಣ್ಣ ಸಿರೆಗಳ ಮೂಲಕ ಹೃದಯದ ಕಡೆಗೆ ಸುತ್ತುದಾರಿ ಹಿಡಿಯುತ್ತದೆ. ಅಷ್ಟು ರಕ್ತ ಹೊತ್ತು ಅಭ್ಯಾಸವಿಲ್ಲದ ಆ ಸಿರೆಗಳು ಉಬ್ಬುತ್ತವೆ, ಅಂಕುಡೊಂಕಾಗುತ್ತವೆ, ಗೋಡೆ ತೆಳುವಾಗುತ್ತದೆ. ಇವೇ ವೇರಿಸೀಸ್.

ಒತ್ತಡವನ್ನು ಅಳೆಯುವ ಕ್ರಮವೂ ಇದೆ. ಕುತ್ತಿಗೆಯ ಸಿರೆಯಿಂದ ಯಕೃತ್ತಿನವರೆಗೆ ತೆಳ್ಳನೆಯ ಕೊಳವೆ ಇಳಿಸಿ ಅಳೆದರೆ ಆರೋಗ್ಯವಂತರಲ್ಲಿ ಈ ಒತ್ತಡದ ಅಂತರ 1ರಿಂದ 5 ಮಿಲಿಮೀಟರ್ ಪಾದರಸದಷ್ಟು. 10 ದಾಟಿದರೆ ವೇರಿಸೀಸ್ ಹುಟ್ಟುವ ಮಟ್ಟ. 12 ದಾಟಿದರೆ ಅವು ಒಡೆಯುವ ಮಟ್ಟ. ಇದು ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿಪಿ ಅಲ್ಲ. ತೋಳಿನಲ್ಲಿ ಬಿಪಿ ಕಡಿಮೆ ಇದ್ದು ಪೋರ್ಟಲ್ ಒತ್ತಡ ಏರಿರುವುದು ಸಿರೋಸಿಸ್‌ನಲ್ಲಿ ಸಾಮಾನ್ಯ ಸಂಗತಿ.

ಕ್ಯಾನ್ಸರ್ ಇದನ್ನು ಹದಗೆಡಿಸುವ ದಾರಿ ಮುಖ್ಯವಾಗಿ ಒಂದು. ಎಚ್‌ಸಿಸಿಗೆ ರಕ್ತನಾಳದೊಳಕ್ಕೆ ನುಗ್ಗುವ ಚಾಳಿಯಿದೆ. ಗಡ್ಡೆಯ ಜೀವಕೋಶಗಳು ಪೋರ್ಟಲ್ ಅಭಿಧಮನಿಯ ಒಳಗೇ ಬೆಳೆದು ಅದನ್ನು ತುಂಬುತ್ತವೆ. ಜಪಾನಿನ ವೈದ್ಯರು ಇದನ್ನು ವಿಪಿ1ರಿಂದ ವಿಪಿ4ರವರೆಗೆ ಶ್ರೇಣಿ ಮಾಡಿದ್ದಾರೆ. ವಿಪಿ1 ಎಂದರೆ ದೂರದ ಸಣ್ಣ ಕವಲಿನಲ್ಲಿ ಮಾತ್ರ. ವಿಪಿ4 ಎಂದರೆ ಮುಖ್ಯ ಕಾಂಡವೇ ಬಂದ್. ಮುಖ್ಯ ಕಾಂಡ ತುಂಬಿದವರಲ್ಲಿ ಪೋರ್ಟಲ್ ಒತ್ತಡ ವಾರಗಳಲ್ಲೇ ಏರಬಹುದು, ಆರು ತಿಂಗಳ ಹಿಂದೆ ಸಣ್ಣದಾಗಿದ್ದ ವೇರಿಸೀಸ್ ಈಗ ದೊಡ್ಡದಾಗಿರಬಹುದು. ಹಳೆಯ ಎಂಡೋಸ್ಕೊಪಿ ವರದಿಯನ್ನು ನೆಚ್ಚಿಕೊಂಡು ಕೂರಬಾರದು ಎನ್ನುವುದು ಇದಕ್ಕೇ.

ಉಳಿದ ಮೂಲಗಳನ್ನು ಬೇಗ ನೋಡಿಬಿಡಬಹುದು. ಪೋರ್ಟಲ್ ಒತ್ತಡದಿಂದ ಜಠರದ ಒಳಪದರವೇ ಊದಿಕೊಂಡು ನಿಧಾನವಾಗಿ ರಕ್ತ ಒಸರುವುದುಂಟು; ಇಂಥವರಿಗೆ ವಾಂತಿ ಬರುವುದಿಲ್ಲ, ರಕ್ತಹೀನತೆ ಬರುತ್ತದೆ. ಜಠರ ಮತ್ತು ಸಣ್ಣಕರುಳಿನ ಆರಂಭದ ಭಾಗದಲ್ಲಿ ಸಾಮಾನ್ಯ ಹುಣ್ಣುಗಳೂ ಆಗುತ್ತವೆ. ಯಕೃತ್ತಿನ ಅಂಚಿನಲ್ಲಿರುವ ಗಡ್ಡೆ ಪಕ್ಕದ ಜಠರವನ್ನೋ ಕರುಳನ್ನೋ ನೇರವಾಗಿ ಕೊರೆಯುವುದು ಅಪರೂಪ, ಆದರೆ ಆದಾಗ ನಿಲ್ಲಿಸುವುದು ಬಲು ಕಷ್ಟ. ಪಿತ್ತನಾಳದೊಳಕ್ಕೆ ರಕ್ತ ಸೋರಿ ಕಾಮಾಲೆ, ಹೊಟ್ಟೆನೋವು, ಕಪ್ಪು ಮಲ ಮೂರೂ ಒಟ್ಟಿಗೆ ಬರುವುದೂ ಉಂಟು. ಗಡ್ಡೆ ಒಡೆದು ಹೊಟ್ಟೆಯ ಕುಹರಕ್ಕೆ ರಕ್ತ ಸುರಿಯುವುದು ಬೇರೆಯದೇ ಅವಘಡ. ಅದರಲ್ಲಿ ರಕ್ತ ಬಾಯಿಂದಲೂ ಬರದು, ಮಲದಲ್ಲೂ ಕಾಣದು.

ಇಷ್ಟರ ಮೇಲೆ ಪ್ಲೇಟ್‌ಲೆಟ್. ಹಿಗ್ಗಿದ ಗುಲ್ಮ ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಳ್ಳುವುದರಿಂದ ಸಿರೋಸಿಸ್ ಇರುವವರ ರಕ್ತದಲ್ಲಿ ಅವುಗಳ ಸಂಖ್ಯೆ ಒಂದು ಲಕ್ಷಕ್ಕಿಂತ ಕೆಳಗಿರುವುದು ಮಾಮೂಲು. ಡೆಂಗಿ ದಿನಗಳಿಂದಾಗಿ ನಮ್ಮಲ್ಲಿ ಮನೆಮನೆಯಲ್ಲೂ ಪ್ಲೇಟ್‌ಲೆಟ್ ಲೆಕ್ಕ ಗೊತ್ತು, ಕಡಿಮೆ ಎಂದೊಡನೆ ಗಾಬರಿಯೂ ಆಗುತ್ತದೆ. ಆದರೆ ವೇರಿಸೀಸ್ ಒಡೆಯುವುದು ಪ್ಲೇಟ್‌ಲೆಟ್ ಕಡಿಮೆಯಾದುದರಿಂದಲ್ಲ, ಒತ್ತಡ ಹೆಚ್ಚಿದುದರಿಂದ. ಪ್ಲೇಟ್‌ಲೆಟ್ ಏರಿಸಿಬಿಟ್ಟರೆ ಅಪಾಯ ತಪ್ಪಿತು ಎಂದುಕೊಳ್ಳುವಂತಿಲ್ಲ.

ಔಷಧಗಳು ಮಾಡುವುದೇನು

ಗಡ್ಡೆ ಬೆಳೆಯಲು ಹೊಸ ರಕ್ತನಾಳ ಬೇಕು, ಅದನ್ನು ತಡೆದರೆ ಗಡ್ಡೆಯನ್ನು ತಡೆಯಬಹುದು ಎಂಬ ವಿಚಾರವನ್ನು ಅಮೆರಿಕದ ಶಸ್ತ್ರವೈದ್ಯ ಜುಡಾ ಫೋಕ್‌ಮನ್ 1971ರಲ್ಲಿ ಮುಂದಿಟ್ಟರು. ರಕ್ತನಾಳಗಳನ್ನು ಬೆಳೆಸುವ ಪ್ರಮುಖ ಪ್ರೋಟೀನಾದ ವಿಇಜಿಎಫ್ ಅನ್ನು ನಪೋಲಿಯೋನೆ ಫೆರಾರ ಮತ್ತು ಸಂಗಡಿಗರು 1989ರಲ್ಲಿ ಬೇರ್ಪಡಿಸಿದರು. ಎಚ್‌ಸಿಸಿ ರಕ್ತನಾಳಗಳಿಂದ ಕಿಕ್ಕಿರಿದ ಗಡ್ಡೆಯಾದ್ದರಿಂದ ಈ ದಾರಿ ಇಲ್ಲಿ ಸಹಜವಾಗಿಯೇ ಫಲಿಸಿತು. ತೊಡಕೂ ಅಲ್ಲೇ ಇದೆ. ವಿಇಜಿಎಫ್ ಗಡ್ಡೆಯ ಸ್ವತ್ತಲ್ಲ. ದೇಹದ ಎಲ್ಲ ರಕ್ತನಾಳಗಳ ಒಳಪದರ ಬದುಕಿ ಉಳಿಯಲು, ಸವೆದ ಜಾಗದಲ್ಲಿ ಹೊಸ ಕೋಶ ಬರಲು, ಜಠರದ ಹುಣ್ಣು ಮಾಗಲು ಅದು ಬೇಕು. ಅದನ್ನು ತಡೆದರೆ ಒಳಪದರ ಶಿಥಿಲವಾಗುತ್ತದೆ, ಬಿಪಿ ಏರುತ್ತದೆ, ಗಾಯ ಮಾಗುವುದು ತಡವಾಗುತ್ತದೆ.

ಆದರೆ ಚಿತ್ರ ಇಷ್ಟು ಸರಳವಲ್ಲ. ವೇರಿಸೀಸ್‌ನ ಸುತ್ತುದಾರಿಗಳು ಬೆಳೆಯುವುದಕ್ಕೂ ವಿಇಜಿಎಫ್ ಬೇಕು. 2000ದ ದಶಕದಲ್ಲಿ ಬಾರ್ಸಿಲೋನಾದ ಸಂಶೋಧಕರು ಇಲಿಗಳಲ್ಲಿ ವಿಇಜಿಎಫ್ ಹಾದಿಯನ್ನು ತಡೆದಾಗ ಸುತ್ತುದಾರಿಗಳು ಕಡಿಮೆಯಾದವು. ಸೊರಾಫೆನಿಬ್ ಕೊಟ್ಟ ಇಲಿಗಳಲ್ಲಿ ಪೋರ್ಟಲ್ ಒತ್ತಡವೇ ಇಳಿಯಿತು. ಅಂದರೆ ಅದೇ ಔಷಧ ಒಂದು ಕೈಯಲ್ಲಿ ಒತ್ತಡ ಇಳಿಸಬಲ್ಲದು, ಇನ್ನೊಂದು ಕೈಯಲ್ಲಿ ಗೋಡೆ ಸಡಿಲಿಸಬಲ್ಲದು. ರೋಗಿಯಲ್ಲಿ ಯಾವುದು ಮೇಲುಗೈ ಪಡೆಯುತ್ತದೆ ಎಂಬುದು ಔಷಧದ ತೀವ್ರತೆಯ ಮೇಲೂ, ಆರಂಭದಲ್ಲಿ ವೇರಿಸೀಸ್ ಯಾವ ಸ್ಥಿತಿಯಲ್ಲಿತ್ತು ಎಂಬುದರ ಮೇಲೂ ನಿಂತಿದೆ.

ಸೊರಾಫೆನಿಬ್ ಮಾತ್ರೆಯ ಅನುಭವ ಇದನ್ನೇ ತೋರಿಸುತ್ತದೆ. ಎಚ್‌ಸಿಸಿಯಲ್ಲಿ ಆಯುಷ್ಯ ಹೆಚ್ಚಿಸಿದ ಮೊದಲ ಔಷಧ ಅದು. 602 ಮಂದಿಯ ಮೇಲೆ ನಡೆದ ಶಾರ್ಪ್ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು: ಔಷಧ ಪಡೆದವರ ಮಧ್ಯಮ ಬದುಕು 10.7 ತಿಂಗಳು, ಹುಸಿಮಾತ್ರೆ ಪಡೆದವರದು 7.9 ತಿಂಗಳು. ಅನ್ನನಾಳದ ವೇರಿಸೀಸ್ ರಕ್ತಸ್ರಾವ ಸೊರಾಫೆನಿಬ್ ಪಡೆದವರಲ್ಲಿ ಶೇ. 2.4, ಹುಸಿಮಾತ್ರೆ ಪಡೆದವರಲ್ಲಿ ಶೇ. 4. ಔಷಧವಿಲ್ಲದವರಲ್ಲೇ ಹೆಚ್ಚು! ರಕ್ತಸ್ರಾವದ ಮುಖ್ಯ ಕಾರಣ ಎಲ್ಲಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಸಿಗುವುದು ಕಷ್ಟ. ಮುಂದೆ ಬಂದ ಲೆನ್ವಾಟಿನಿಬ್, ರೆಗೊರಾಫೆನಿಬ್, ಕ್ಯಾಬೊಜಾಂಟಿನಿಬ್ ಮಾತ್ರೆಗಳೂ ಇದೇ ಬಳಗದವು. ಲೆನ್ವಾಟಿನಿಬ್‌ನ ರಿಫ್ಲೆಕ್ಟ್ ಪ್ರಯೋಗದಲ್ಲಿ 954 ಮಂದಿ ಇದ್ದರು. ಮುಖ್ಯ ಪೋರ್ಟಲ್ ಕಾಂಡಕ್ಕೆ ಗಡ್ಡೆ ನುಗ್ಗಿದವರನ್ನು ಅದರಲ್ಲಿ ಸೇರಿಸಿಕೊಳ್ಳಲಿಲ್ಲ. ಅದರ ಸುರಕ್ಷತೆಯ ಅಂಕಿಗಳನ್ನು ಓದುವಾಗ ಇದು ನೆನಪಿನಲ್ಲಿರಬೇಕು.

ಬೆವಾಸಿಜುಮ್ಯಾಬ್ ಕಥೆ ಬೇರೆ. ಇದು ವಿಇಜಿಎಫ್ ಅನ್ನೇ ಹಿಡಿದು ಕಟ್ಟಿಹಾಕುವ ಪ್ರತಿಕಾಯ. ಎಚ್‌ಸಿಸಿಯಲ್ಲಿ ಇದನ್ನು ಒಂಟಿಯಾಗಿ ಪರೀಕ್ಷಿಸಿದ, 2008ರಲ್ಲಿ ಪ್ರಕಟವಾದ 46 ಮಂದಿಯ ಅಧ್ಯಯನದಲ್ಲಿ ಶೇ. 11 ಮಂದಿಗೆ ತೀವ್ರ ರಕ್ತಸ್ರಾವವಾಯಿತು. ಒಬ್ಬರು ವೇರಿಸೀಸ್ ಒಡೆದು ಸತ್ತರು. ಆ ಭಯ ಹತ್ತು ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು. ಮುಂದೆ ಅಟೆಜೊಲಿಜುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧದ ಜೊತೆಗೆ ಇದನ್ನು ಪರೀಕ್ಷಿಸಿದ ಇಂಬ್ರೇವ್150 ಪ್ರಯೋಗ ಆ ಅನುಭವದಿಂದ ಒಂದು ಕಟ್ಟುನಿಟ್ಟಿನ ನಿಯಮ ಮಾಡಿಕೊಂಡಿತು: ಪ್ರಯೋಗಕ್ಕೆ ಸೇರುವ ಪ್ರತಿಯೊಬ್ಬರಿಗೂ ಹಿಂದಿನ ಆರು ತಿಂಗಳೊಳಗೆ ಎಂಡೋಸ್ಕೊಪಿ ಆಗಿರಬೇಕು, ವೇರಿಸೀಸ್ ಇದ್ದರೆ ಅದಕ್ಕೆ ಚಿಕಿತ್ಸೆಯೂ ಆಗಿರಬೇಕು. 2020ರಲ್ಲಿ ಪ್ರಕಟವಾದ ಫಲಿತಾಂಶ ಎಚ್‌ಸಿಸಿ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು. 501 ಮಂದಿಯಲ್ಲಿ ಜೋಡಿ ಔಷಧ ಪಡೆದವರ ಮಧ್ಯಮ ಬದುಕು, ನಂತರದ ಲೆಕ್ಕದಂತೆ, 19.2 ತಿಂಗಳು, ಸೊರಾಫೆನಿಬ್ ಪಡೆದವರದು 13.4 ತಿಂಗಳು. ಮೇಲ್ಭಾಗದ ಜೀರ್ಣಾಂಗ ರಕ್ತಸ್ರಾವ ಜೋಡಿ ಔಷಧದಲ್ಲಿ ಶೇ. 7, ಸೊರಾಫೆನಿಬ್‌ನಲ್ಲಿ ಶೇ. 4.5.

ಈ ಶೇ. 7 ಎಂಬ ಅಂಕಿಯನ್ನು ಜನ ತಪ್ಪಾಗಿ ಓದುವುದೇ ಹೆಚ್ಚು. ಇದು ಬೆವಾಸಿಜುಮ್ಯಾಬ್ ಪಡೆದವರೆಲ್ಲರ ಅಪಾಯವಲ್ಲ. ಎಂಡೋಸ್ಕೊಪಿ ಆಗಿ, ವೇರಿಸೀಸ್‌ಗೆ ಚಿಕಿತ್ಸೆಯಾಗಿ, ಯಕೃತ್ತಿನ ಕೆಲಸ ಬಹುಮಟ್ಟಿಗೆ ಚೆನ್ನಾಗಿರುವವರ, ಅಂದರೆ ವೈದ್ಯರು ಚೈಲ್ಡ್-ಪ್ಯೂ ಎ ಎನ್ನುವ ಗುಂಪಿನವರ ಅಪಾಯ. ಜರಡಿ ಹಿಡಿಯದೆ ಕೊಟ್ಟರೆ ಎಷ್ಟು ಎಂಬುದನ್ನು ಆ ಪ್ರಯೋಗ ಹೇಳುವುದಿಲ್ಲ. ಅದೇ ಪ್ರಯೋಗದ ಒಳಗೇ ಒಂದು ಸುಳಿವು ಮಾತ್ರ ಇದೆ: ಮುಖ್ಯ ಪೋರ್ಟಲ್ ಕಾಂಡಕ್ಕೆ ಗಡ್ಡೆ ನುಗ್ಗಿದ್ದ ವಿಪಿ4 ಗುಂಪಿನಲ್ಲಿ ಜೋಡಿ ಔಷಧ ಪಡೆದವರ ಪೈಕಿ ಸುಮಾರು ಶೇ. 14 ಮಂದಿಗೆ ವೇರಿಸೀಸ್ ರಕ್ತಸ್ರಾವವಾಯಿತು. ಹಾಗೆಂದು ಆ ಗುಂಪಿಗೆ ಔಷಧ ನಿಷಿದ್ಧವೆಂದಲ್ಲ. ಅವರಲ್ಲೂ ಜೋಡಿ ಔಷಧ ಪಡೆದವರೇ ಹೆಚ್ಚು ಕಾಲ ಬದುಕಿದರು, 5.5 ತಿಂಗಳಿಗೆ ಎದುರಾಗಿ 7.6 ತಿಂಗಳು.

ವಿಇಜಿಎಫ್ ಅನ್ನು ಮುಟ್ಟದೆ ಪ್ರತಿರಕ್ಷೆಯನ್ನು ಮಾತ್ರ ಬಡಿದೆಬ್ಬಿಸುವ ಜೋಡಿಗಳೂ ಈಗ ಇವೆ. ಡರ್ವಾಲುಮ್ಯಾಬ್ ಜೊತೆಗೆ ಟ್ರೆಮೆಲಿಮುಮ್ಯಾಬ್‌ನ ಒಂದೇ ಒಂದು ಡೋಸ್ ಕೊಡುವ ಕ್ರಮವನ್ನು ಹಿಮಾಲಯ ಪ್ರಯೋಗ 2022ರಲ್ಲಿ ಸ್ಥಾಪಿಸಿತು. ಮಧ್ಯಮ ಬದುಕು 16.4 ತಿಂಗಳು, ಸೊರಾಫೆನಿಬ್‌ನಲ್ಲಿ 13.8. ಇಲ್ಲಿ ಎಂಡೋಸ್ಕೊಪಿ ಕಡ್ಡಾಯವಾಗಿರಲಿಲ್ಲ, ಆದರೆ ಮುಖ್ಯ ಪೋರ್ಟಲ್ ಕಾಂಡ ಮುಚ್ಚಿದವರನ್ನು ಸೇರಿಸಿಕೊಂಡಿರಲೂ ಇಲ್ಲ. ನಿವೊಲುಮ್ಯಾಬ್ ಮತ್ತು ಇಪಿಲಿಮುಮ್ಯಾಬ್ ಜೋಡಿಗೆ 2025ರಲ್ಲಿ ಅಮೆರಿಕದಲ್ಲಿ ಮೊದಲ ಸಾಲಿನ ಚಿಕಿತ್ಸೆಯಾಗಿ ಒಪ್ಪಿಗೆ ಸಿಕ್ಕಿತು. ದೊಡ್ಡ ವೇರಿಸೀಸ್ ಇರುವವರಿಗೆ, ಈಚೆಗೆ ರಕ್ತವಾಂತಿ ಆದವರಿಗೆ ವೈದ್ಯರು ಈ ದಾರಿಯತ್ತ ವಾಲುವುದು ಈ ಜೋಡಿಗಳು ವಿಇಜಿಎಫ್ ಅನ್ನು ಮುಟ್ಟದಿರುವ ಕಾರಣಕ್ಕೆ. ಆದರೆ ಈ ಔಷಧಗಳಿಂದ ರಕ್ತ ಬರುವುದೇ ಇಲ್ಲವೆಂದಲ್ಲ, ಬರುವ ಜಾಗ ಬೇರೆ. ಎಚ್ಚೆತ್ತ ಪ್ರತಿರಕ್ಷೆ ದೊಡ್ಡಕರುಳಿನ ಮೇಲೆ ತಿರುಗಿಬಿದ್ದು ಕೊಲೈಟಿಸ್ ಆಗುತ್ತದೆ: ದಿನಕ್ಕೆ ಹಲವು ಸಲ ಭೇದಿ, ಹೊಟ್ಟೆ ಹಿಂಡುವ ನೋವು, ಮಲದಲ್ಲಿ ಕೆಂಪು ರಕ್ತ ಮತ್ತು ಲೋಳೆ. ಇದಕ್ಕೆ ಮದ್ದು ಸ್ಟಿರಾಯ್ಡ್. ಇದನ್ನು ಆಮಶಂಕೆ ಎಂದು ತಿಳಿದು ಮೆಟ್ರೊನಿಡಜೋಲ್ ಮಾತ್ರೆ ನುಂಗುತ್ತಾ ಒಂದು ವಾರ ಕಳೆದರೆ ಕರುಳು ತೂತಾಗುವ ಮಟ್ಟಕ್ಕೂ ಹೋಗಬಹುದು.

ಭಾರತದ ಮಟ್ಟಿಗೆ ಬೆಲೆಯ ಮಾತನ್ನು ಬಿಡುವಂತಿಲ್ಲ. ಸೊರಾಫೆನಿಬ್‌ಗೆ ಬಾಯರ್ ಕಂಪನಿ ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿ ಬೆಲೆ ಇಟ್ಟಿತ್ತು. 2012ರ ಮಾರ್ಚ್‌ನಲ್ಲಿ ಪೇಟೆಂಟ್ ಹೊಂದಿದವರ ಒಪ್ಪಿಗೆಯಿಲ್ಲದೆ ತಯಾರಿಸಲು ಬಿಡುವ, ದೇಶದ ಮೊದಲ ಕಡ್ಡಾಯ ಪರವಾನಗಿ ಇದೇ ಔಷಧಕ್ಕೆ ಹೈದರಾಬಾದಿನ ನ್ಯಾಟ್ಕೊ ಕಂಪನಿಗೆ ಸಿಕ್ಕು, 120 ಮಾತ್ರೆಗಳ ಬೆಲೆ 8,800 ರೂಪಾಯಿಗೆ ಇಳಿಯಿತು. ಬೆವಾಸಿಜುಮ್ಯಾಬ್‌ಗೂ ಈಗ ಬಯೋಸಿಮಿಲರ್‌ಗಳಿವೆ, ಅಂದರೆ ಮೂಲ ಔಷಧವನ್ನೇ ಹೋಲುವಂತೆ ಬೇರೆ ಕಂಪನಿಗಳು ತಯಾರಿಸಿದವು. ಬೆಂಗಳೂರಿನ ಬಯೋಕಾನ್ 2017ರಲ್ಲಿ ಕ್ರಾಬೆವಾ ಎಂಬ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಔಷಧ ಕೈಗೆಟುಕುವಂತಾದದ್ದು ದೊಡ್ಡ ಲಾಭವೇ ಸರಿ. ಆದರೆ ಔಷಧ ತಲುಪಿದ ಊರುಗಳಿಗೆಲ್ಲ ಎಂಡೋಸ್ಕೊಪಿ ತಲುಪಿಲ್ಲ. ಪ್ರಯೋಗದಲ್ಲಿ ಎರಡೂ ಜೊತೆಯಾಗಿದ್ದವು. ಹೊರಗಿನ ಬದುಕಿನಲ್ಲಿ ಮೊದಲನೆಯದು ಮುಂದೆ ಹೋಗಿ ಎರಡನೆಯದು ಹಿಂದೆ ಉಳಿಯುತ್ತದೆ.

ಮೊದಲ ಡೋಸಿಗೆ ಮುನ್ನ

ಎಂಡೋಸ್ಕೊಪಿಗೆ ಆರೆಂಟು ಗಂಟೆ ಹೊಟ್ಟೆ ಖಾಲಿ ಇರಬೇಕು. ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹೊಡೆದು, ಎಡಮಗ್ಗುಲಾಗಿ ಮಲಗಿಸಿ, ಹಲ್ಲುಗಳ ನಡುವೆ ಪ್ಲಾಸ್ಟಿಕ್ ಗಾರ್ಡ್ ಇಟ್ಟು ಕೊಳವೆ ಇಳಿಸುತ್ತಾರೆ. ಅನ್ನನಾಳದ ಮಾಸಲು ಗುಲಾಬಿ ಗೋಡೆಯ ಮೇಲೆ ವೇರಿಸೀಸ್ ನೀಲಿಬಣ್ಣದ ಉದ್ದುದ್ದ ಏಣುಗಳಾಗಿ ಕಾಣುತ್ತದೆ. ನೋಡುವವರ ಕಣ್ಣು ಎರಡು ಸಂಗತಿಯ ಮೇಲಿರುತ್ತದೆ. ಒಂದು, ಗಾತ್ರ, ಗಾಳಿ ಊದಿದರೆ ಚಪ್ಪಟೆಯಾಗುವಂಥದು ಸಣ್ಣದು, ಚಪ್ಪಟೆಯಾಗದೆ ಉಬ್ಬಿಯೇ ನಿಲ್ಲುವುದು ದೊಡ್ಡದು. ಇನ್ನೊಂದು, ಏಣಿನ ಮೇಲೆ ಚಾವಟಿ ಬಾಸುಂಡೆಯಂಥ ಕೆಂಪು ಗೆರೆ ಅಥವಾ ಕೆಂಪು ಚುಕ್ಕೆ. ಗೋಡೆ ಅಲ್ಲಿ ತೆಳುವಾಗಿದೆ ಎಂದು ಅದರ ಅರ್ಥ. ಸಣ್ಣದಾದರೂ ಕೆಂಪು ಗುರುತಿದ್ದರೆ ಅಪಾಯದ ಪಟ್ಟಿಗೆ ಸೇರುತ್ತದೆ.

ಸಿರೋಸಿಸ್ ಮಾತ್ರ ಇರುವವರಲ್ಲಿ ಎಲ್ಲರಿಗೂ ಎಂಡೋಸ್ಕೊಪಿ ಬೇಡ ಎಂಬ ಸೂತ್ರವೊಂದಿದೆ. ಇಟಲಿಯ ಬವೆನೊ ಊರಿನ ಹೆಸರಿನ ತಜ್ಞರ ಸಮಾವೇಶ 2015ರಲ್ಲಿ ಒಪ್ಪಿದಂತೆ, ಫೈಬ್ರೊಸ್ಕ್ಯಾನ್‌ನಲ್ಲಿ ಯಕೃತ್ತಿನ ಬಿಗಿತ 20 ಕಿಲೊಪಾಸ್ಕಲ್‌ಗಿಂತ ಕಡಿಮೆ ಇದ್ದು ಪ್ಲೇಟ್‌ಲೆಟ್ 1.5 ಲಕ್ಷಕ್ಕಿಂತ ಹೆಚ್ಚಿದ್ದರೆ ಅಪಾಯಕಾರಿ ವೇರಿಸೀಸ್ ಇರುವ ಸಂಭವ ತೀರ ಕಡಿಮೆ. ಎಚ್‌ಸಿಸಿಯಲ್ಲಿ ಇದನ್ನು ನಂಬಿ ಕೂರಬಾರದು. ಗಡ್ಡೆಯೇ ಬಿಗಿತದ ಅಳತೆಯನ್ನು ಕೆಡಿಸುತ್ತದೆ, ಕೆಲವು ಕ್ಯಾನ್ಸರ್‌ಗಳಲ್ಲಿ ಪ್ಲೇಟ್‌ಲೆಟ್ ತಾನಾಗಿಯೇ ಏರಿರುತ್ತದೆ, ಪೋರ್ಟಲ್ ನಾಳ ಮುಚ್ಚಿದರಂತೂ ಬಿಗಿತಕ್ಕೂ ಒತ್ತಡಕ್ಕೂ ಸಂಬಂಧವೇ ತಪ್ಪಿಹೋಗುತ್ತದೆ.

ಅಪಾಯಕಾರಿ ವೇರಿಸೀಸ್ ಕಂಡರೆ ದಾರಿ ಎರಡು: ಮಾತ್ರೆ ಅಥವಾ ಬ್ಯಾಂಡ್. ಪ್ರೊಪ್ರನೊಲಾಲ್ ಎಂಬ ಹೃದಯದ ಮಾತ್ರೆ ಪೋರ್ಟಲ್ ಒತ್ತಡವನ್ನೂ ಇಳಿಸುತ್ತದೆ, ಮರುಕಳಿಸುವ ರಕ್ತಸ್ರಾವವನ್ನು ತಡೆಯುತ್ತದೆ ಎಂದು ಪ್ಯಾರಿಸ್ಸಿನ ದಿದಿಯೆ ಲಬ್ರೆಕ್ ತಂಡ 1980ರ ಸುಮಾರಿಗೆ ತೋರಿಸಿಕೊಟ್ಟಿತು. ಈಗ ಅದೇ ಬಳಗದ ಕಾರ್ವೆಡಿಲಾಲ್‌ಗೆ ಹೆಚ್ಚು ಮನ್ನಣೆ, ದಿನಕ್ಕೆ 6.25 ಮಿಲಿಗ್ರಾಂನಿಂದ ಆರಂಭಿಸಿ ತಾಳಿಕೆ ನೋಡಿ 12.5ಕ್ಕೆ ಏರಿಸುತ್ತಾರೆ. ವಿಇಜಿಎಫ್ ತಡೆಯುವ ಔಷಧಗಳಿಂದ ಬಿಪಿ ಏರುವುದು ಸಾಮಾನ್ಯವಾದ್ದರಿಂದ ಒಂದೇ ಮಾತ್ರೆ ಎರಡೂ ಕೆಲಸ ಮಾಡುವ ಅನುಕೂಲವೂ ಇಲ್ಲಿದೆ. ಮೇಲಿನ ಬಿಪಿ 90ಕ್ಕಿಂತ ಇಳಿದರೆ, ಆಸ್ತಮಾ ಇದ್ದರೆ ಈ ಮಾತ್ರೆ ಒಗ್ಗದು.

ಬ್ಯಾಂಡ್ ಹಾಕುವ ಕೆಲಸ ನೋಡಲು ಸರಳ. ಎಂಡೋಸ್ಕೋಪಿನ ತುದಿಗೆ ಪಾರದರ್ಶಕ ಟೋಪಿ, ಅದರ ಹೊರಮೈಗೆ ಸಣ್ಣ ರಬ್ಬರ್ ಉಂಗುರಗಳು. ಜಠರ ಸೇರುವ ತುದಿಯಿಂದ ಆರಂಭಿಸಿ, ಉಬ್ಬಿದ ಸಿರೆಯನ್ನು ಟೋಪಿಯೊಳಕ್ಕೆ ಹೀರುತ್ತಾರೆ. ಪರದೆ ಪೂರ್ತಿ ಕೆಂಪಾದಾಗ ಹಿಡಿ ತಿರುಗಿಸಿದರೆ ಉಂಗುರ ಜಾರಿ ಸಿರೆಯ ಬುಡಕ್ಕೆ ಬಿಗಿಯುತ್ತದೆ. ನಾಲ್ಕಾರು ಬ್ಯಾಂಡ್ ಹಾಕಿ ಮುಗಿಸುವುದು ಕೆಲವೇ ನಿಮಿಷದ ಕೆಲಸ. ಆಮೇಲಿನದು ಕಾಯುವ ಕೆಲಸ. ರಕ್ತ ಸಿಗದ ಗಂಟು ಸತ್ತು ಸುಮಾರು ಒಂದು ವಾರದಲ್ಲಿ ಉದುರುತ್ತದೆ, ಆ ಜಾಗದಲ್ಲಿ ಹುಣ್ಣು ಉಳಿಯುತ್ತದೆ. ಆ ಹುಣ್ಣು ಮಾಗಲು ಬೇಕಾದದ್ದು ವಿಇಜಿಎಫ್, ನಾವು ತಡೆಯಹೊರಟಿರುವುದೂ ಅದನ್ನೇ. ಹುಣ್ಣು ಹಸಿಯಾಗಿರುವಾಗ ಬೆವಾಸಿಜುಮ್ಯಾಬ್ ಕೊಟ್ಟರೆ ಅಲ್ಲಿಂದಲೇ ರಕ್ತ ಬರಬಹುದು. ವೇರಿಸೀಸ್ ಪೂರ್ತಿ ಅಳಿಯುವವರೆಗೆ ಎರಡು ಮೂರು ವಾರಕ್ಕೊಮ್ಮೆ ಬ್ಯಾಂಡ್ ಹಾಕುತ್ತಾ ಹೋದರೆ ತಿಂಗಳುಗಳು ಉರುಳಿ ಕ್ಯಾನ್ಸರ್ ಮುಂದೆ ಹೋಗುತ್ತದೆ. ಈ ಇಕ್ಕಟ್ಟಿಗೆ ಎಲ್ಲರೂ ಒಪ್ಪಿದ ಪರಿಹಾರ ಇನ್ನೂ ಇಲ್ಲ. ಕೆಲವು ಕೇಂದ್ರಗಳು ಅಟೆಜೊಲಿಜುಮ್ಯಾಬ್ ಒಂದನ್ನೇ ಮೊದಲು ಶುರುಮಾಡಿ, ಹುಣ್ಣು ಮಾಗಿದ ಮೇಲೆ ಬೆವಾಸಿಜುಮ್ಯಾಬ್ ಸೇರಿಸುತ್ತವೆ. ಕೆಲವರು ಬ್ಯಾಂಡ್ ಬದಲು ಕಾರ್ವೆಡಿಲಾಲ್ ಹಿಡಿದು ಬೇಗ ಆರಂಭಿಸುತ್ತಾರೆ. ಹಿಂದೆ ರಕ್ತಸ್ರಾವ ಆಗಿಲ್ಲದ, ಮಾತ್ರೆ ಒಗ್ಗುವ ವ್ಯಕ್ತಿಗೆ ಎರಡನೆಯದೇ ಹೆಚ್ಚು ಹೊಂದುತ್ತದೆ: ಹುಣ್ಣೂ ಇಲ್ಲ, ತಡವೂ ಇಲ್ಲ.

ಹೆಪಟೈಟಿಸ್ ಬಿ ಇದ್ದರೆ ಟೆನೊಫೊವಿರ್ ಅಥವಾ ಎಂಟೆಕಾವಿರ್, ಕುಡಿತ ಇದ್ದರೆ ಅದನ್ನು ಬಿಡುವುದು, ಇವೂ ರಕ್ತಸ್ರಾವ ತಡೆಯುವ ಚಿಕಿತ್ಸೆಗಳೇ. ಯಕೃತ್ತಿನ ಉರಿಯೂತ ಇಳಿದಂತೆ ಪೋರ್ಟಲ್ ಒತ್ತಡವೂ ಇಳಿಯುತ್ತದೆ. ಮೆಡಿಕಲ್ ಶಾಪಿನಿಂದ ಕೇಳಿ ತಂದು ನುಂಗುವ ನೋವಿನ ಮಾತ್ರೆಗಳು ಇದಕ್ಕೆ ತೀರ ವಿರುದ್ಧ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಜಠರದ ಒಳಪದರ ಕೆಡಿಸುತ್ತವೆ, ಪ್ಲೇಟ್‌ಲೆಟ್‌ಗಳ ಕೆಲಸ ತಡೆಯುತ್ತವೆ, ಸಿರೋಸಿಸ್ ಇರುವವರ ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತವೆ. ದಿನಕ್ಕೆ 2 ಗ್ರಾಂ ಮೀರದ ಪ್ಯಾರಾಸಿಟಮಾಲ್ ಇವುಗಳಿಗಿಂತ ಎಷ್ಟೋ ಕ್ಷೇಮ. ಜನ ನಂಬಿರುವುದು ಇದಕ್ಕೆ ತಿರುವುಮುರುವು: ಲಿವರ್ ಕೆಟ್ಟವರು ಪ್ಯಾರಾಸಿಟಮಾಲ್ ಮುಟ್ಟಬಾರದು, ಮಂಡಿನೋವಿಗೆ ಡೈಕ್ಲೊಫೆನಾಕ್ ಇಂಜೆಕ್ಷನ್ ಆದರೆ ಪರವಾಗಿಲ್ಲ! ‘ಗ್ಯಾಸ್ಟ್ರಿಕ್ ಮಾತ್ರೆ’ ಎಂದು ಕರೆಯುವ ಪ್ಯಾಂಟೊಪ್ರಜೋಲ್ ಹುಣ್ಣಿಗೆ ಮದ್ದು ನಿಜ, ವೇರಿಸೀಸ್‌ಗೆ ಅಲ್ಲ. ಬ್ಯಾಂಡ್ ಹಾಕಿದ ನಂತರದ ಕೆಲವು ದಿನ ಬಿಟ್ಟರೆ ಕಾರಣವಿಲ್ಲದೆ ಅದನ್ನು ವರ್ಷಗಟ್ಟಲೆ ನುಂಗುವುದರಿಂದ ಸಿರೋಸಿಸ್ ಇರುವವರಿಗೆ ಸೋಂಕಿನ ಅಪಾಯ ಹೆಚ್ಚಬಹುದು.

ಪೋರ್ಟಲ್ ನಾಳದಲ್ಲಿ ಅಡಚಣೆ ಎಂದು ಸ್ಕ್ಯಾನ್ ವರದಿಯಲ್ಲಿ ಓದಿದೊಡನೆ ರಕ್ತ ತೆಳುಮಾಡುವ ಔಷಧ ಶುರುಮಾಡುವುದೂ ಎಚ್ಚರ ಬೇಡುವ ಕೆಲಸ. ಸಾಮಾನ್ಯ ಹೆಪ್ಪಿಗೆ ಅದು ಉಪಯೋಗವಾದೀತು. ನಾಳ ತುಂಬಿರುವುದು ಗಡ್ಡೆಯೇ ಆಗಿದ್ದರೆ ರಕ್ತ ತೆಳುಮಾಡಿ ಅದನ್ನು ಕರಗಿಸಲಾಗದು, ಅಪಾಯ ಮಾತ್ರ ಉಳಿಯುತ್ತದೆ. ಎರಡನ್ನೂ ಬೇರ್ಪಡಿಸಲು ರಕ್ತನಾಳಕ್ಕೆ ಕಾಂಟ್ರಾಸ್ಟ್ ಕೊಟ್ಟು ಹಂತಹಂತವಾಗಿ ತೆಗೆದ ಸಿಟಿ ಅಥವಾ ಎಂಆರ್‌ಐ ಬೇಕು.

ರಕ್ತ ಬಂದಾಗ

ಒಡೆದ ವೇರಿಸೀಸ್ ಸಾಮಾನ್ಯವಾಗಿ ನೋವು ಕೊಡುವುದಿಲ್ಲ. ಓಕರಿಕೆ, ತಲೆಸುತ್ತು, ಆಮೇಲೆ ಒಮ್ಮೆಲೆ ರಕ್ತವಾಂತಿ. ಕೆಲವರಿಗೆ ವಾಂತಿಯೇ ಇಲ್ಲದೆ ಡಾಂಬರಿನಂತೆ ಕಪ್ಪಾದ, ಅಂಟುವ, ವಿಪರೀತ ದುರ್ವಾಸನೆಯ ಮಲ ಹೋಗುತ್ತದೆ. ಜಠರದಲ್ಲಿ ಬಿದ್ದ ರಕ್ತ ಜೀರ್ಣವಾಗುತ್ತಾ ಕೆಳಗೆ ಬಂದದ್ದು ಅದು. ಕಬ್ಬಿಣದ ಮಾತ್ರೆ ತಿನ್ನುವವರಿಗೂ ಮಲ ಕಪ್ಪಾಗುತ್ತದೆ, ಆದರೆ ಆ ಅಂಟು, ಆ ವಾಸನೆ ಇರುವುದಿಲ್ಲ. ಬೀಟ್‌ರೂಟ್ ತಿಂದ ಮರುದಿನ ಕೆಂಪು ಕಂಡು ಹೆದರುವವರೂ ಇದ್ದಾರೆ. ಇನ್ನು ಕೆಲವರಲ್ಲಿ ಮೊದಲ ಲಕ್ಷಣ ರಕ್ತವೂ ಅಲ್ಲ, ಮಂಪರು: ಕರುಳಿಗಿಳಿದ ರಕ್ತದ ಪ್ರೋಟೀನಿನಿಂದ ಅಮೋನಿಯ ಏರಿ ಮಾತು ತೊದಲುತ್ತದೆ, ಹಗಲಿಡೀ ನಿದ್ದೆ, ಇರುಳಿಡೀ ಎಚ್ಚರ.

ಇಂಥ ಹೊತ್ತಿನಲ್ಲಿ ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಹಾಕಿಸಿ ನೋಡೋಣ ಎನ್ನುವುದರಲ್ಲಿ ಗಂಟೆಗಳು ಹೋಗುತ್ತವೆ. ಎಂಡೋಸ್ಕೊಪಿ ಮತ್ತು ರಕ್ತನಿಧಿ ಎರಡೂ ಇರುವ ಆಸ್ಪತ್ರೆ ಯಾವುದು, ಇರುಳಿನಲ್ಲಿ ಅಲ್ಲಿ ಯಾರು ಸಿಗುತ್ತಾರೆ ಎಂಬುದನ್ನು ಚಿಕಿತ್ಸೆ ಆರಂಭಿಸುವ ದಿನವೇ ಮನೆಯವರು ತಿಳಿದಿರಬೇಕು. ಯಾವ ಔಷಧ ನಡೆಯುತ್ತಿದೆ, ಕೊನೆಯ ಡೋಸ್ ಎಂದು ಆಯಿತು ಎಂಬ ಚೀಟಿ ಜೊತೆಗಿದ್ದರೆ ತುರ್ತು ವಿಭಾಗದವರಿಗೆ ಅರ್ಧ ಕೆಲಸ ಮುಗಿದಂತೆ.

ಆಸ್ಪತ್ರೆಯಲ್ಲಿ ಎಂಡೋಸ್ಕೊಪಿಗೂ ಮುಂಚೆಯೇ ಟೆರ್ಲಿಪ್ರೆಸಿನ್ ಅಥವಾ ಆಕ್ಟ್ರಿಯೊಟೈಡ್ ಶುರುವಾಗುತ್ತದೆ. ಇವು ಕರುಳಿನ ಕಡೆಯಿಂದ ಪೋರ್ಟಲ್ ನಾಳಕ್ಕೆ ಬರುವ ರಕ್ತವನ್ನೇ ತಗ್ಗಿಸುತ್ತವೆ. ಜೊತೆಗೆ ಸೆಫ್ಟ್ರಿಯಾಕ್ಸೋನ್. ರಕ್ತಸ್ರಾವಕ್ಕೆ ಆಂಟಿಬಯೋಟಿಕ್ ಏಕೆ ಎಂದು ಮನೆಯವರು ಕೇಳುವುದುಂಟು; ಸೋಂಕು ತಡೆದರೆ ಮರುರಕ್ತಸ್ರಾವವೂ ಸಾವೂ ಕಡಿಮೆಯಾಗುತ್ತವೆ. ರಕ್ತ ಕೊಡುವುದರಲ್ಲಿ ಕೈಬಿಗಿ ಇರಬೇಕು. ಬಾರ್ಸಿಲೋನಾದಲ್ಲಿ 921 ಮಂದಿಯ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಿಮೊಗ್ಲೋಬಿನ್ 7ಕ್ಕಿಂತ ಇಳಿದಾಗ ಮಾತ್ರ ರಕ್ತ ಪಡೆದವರು, 9ಕ್ಕೇ ಪಡೆದವರಿಗಿಂತ ಹೆಚ್ಚು ಬದುಕಿದರು. ಹೆಚ್ಚು ರಕ್ತ ತುಂಬಿದರೆ ಪೋರ್ಟಲ್ ಒತ್ತಡವೂ ತುಂಬಿಕೊಳ್ಳುತ್ತದೆ. 12 ಗಂಟೆಯೊಳಗೆ ಎಂಡೋಸ್ಕೊಪಿ. ಅನ್ನನಾಳದ್ದಾದರೆ ಬ್ಯಾಂಡ್, ಜಠರದ ಮೇಲ್ಭಾಗದ್ದಾದರೆ ಸಿರೆಯೊಳಕ್ಕೆ ಸಯನೊಅಕ್ರಿಲೇಟ್ ಎಂಬ ಅಂಟು. ಯಾವುದಕ್ಕೂ ನಿಲ್ಲದಿದ್ದರೆ ಬಲೂನು ಕೊಳವೆಯಿಂದ ಒತ್ತಿಹಿಡಿದು ಒಂದು ದಿನದ ಸಮಯ ಗಳಿಸಬಹುದು. ಯಕೃತ್ತಿನೊಳಗೆ ಸ್ಟೆಂಟ್ ಇಟ್ಟು ಒತ್ತಡ ಇಳಿಸುವ ಟಿಪ್ಸ್ ಎಂಬ ವಿಧಾನಕ್ಕೆ ಗಡ್ಡೆಯ ಜಾಗವೋ ಮುಚ್ಚಿದ ನಾಳವೋ ಎಷ್ಟೋ ಸಲ ಅಡ್ಡ ಬರುತ್ತದೆ.

ಈ ಎಲ್ಲ ಕ್ರಮಗಳು ಸೇರಿ ಬದಲಾವಣೆ ತಂದಿವೆ. ಫ್ರಾನ್ಸಿನ ಆಸ್ಪತ್ರೆಯೊಂದರ ದಾಖಲೆಗಳಂತೆ ಸಿರೋಸಿಸ್ ಇರುವವರಲ್ಲಿ ವೇರಿಸೀಸ್ ರಕ್ತಸ್ರಾವದಿಂದ ಆಸ್ಪತ್ರೆಯಲ್ಲೇ ಸಾಯುವವರ ಪ್ರಮಾಣ 1980ರಲ್ಲಿ ಶೇ. 43ರ ಆಸುಪಾಸಿನಲ್ಲಿದ್ದದ್ದು 2000ದ ಹೊತ್ತಿಗೆ ಶೇ. 15ರ ಆಸುಪಾಸಿಗೆ ಇಳಿದಿತ್ತು. ಪೋರ್ಟಲ್ ಕಾಂಡ ಗಡ್ಡೆಯಿಂದ ತುಂಬಿದವರಿಗೆ ಈ ಸುಧಾರಣೆಯ ಪೂರ್ಣ ಲಾಭ ಸಿಕ್ಕಿಲ್ಲ.

ಮತ್ತೆ ಆರಂಭಿಸುವುದೇ

ರಕ್ತ ನಿಂತ ಮೇಲೆ ಕ್ಯಾನ್ಸರ್ ಔಷಧದ ಗತಿ ಏನು ಎಂಬುದಕ್ಕೆ ಉತ್ತರ ಔಷಧದ ಮೇಲೆ ಅವಲಂಬಿಸಿದೆ. ಸೊರಾಫೆನಿಬ್, ಲೆನ್ವಾಟಿನಿಬ್ ಮಾತ್ರೆ ಇಂದು ನಿಲ್ಲಿಸಿದರೆ ಕೆಲವೇ ದಿನದಲ್ಲಿ ದೇಹದಿಂದ ಹೊರಟುಹೋಗುತ್ತವೆ. ಬೆವಾಸಿಜುಮ್ಯಾಬ್ ಹಾಗಲ್ಲ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 20 ದಿನ ಬೇಕು. ಮುಂದಿನ ಡೋಸ್ ತಪ್ಪಿಸಿದರೂ ಹಿಂದಿನದು ವಾರಗಟ್ಟಲೆ ಕೆಲಸ ಮಾಡುತ್ತಲೇ ಇರುತ್ತದೆ. ಅದಕ್ಕೇ ಯಾವುದೇ ದೊಡ್ಡ ಶಸ್ತ್ರಚಿಕಿತ್ಸೆಗೆ ಮುಂಚೆಯೂ ನಂತರವೂ ಕನಿಷ್ಠ 28 ದಿನ ಅದನ್ನು ಕೊಡುವಂತಿಲ್ಲ. ತೀವ್ರ ರಕ್ತಸ್ರಾವ ಆದವರಿಗೆ ಅದನ್ನು ಪೂರ್ತಿ ನಿಲ್ಲಿಸುವುದೇ ನಿಯಮ. ಜೊತೆಯ ಅಟೆಜೊಲಿಜುಮ್ಯಾಬ್ ಮುಂದುವರಿಸಬಹುದು, ಇಲ್ಲವೆ ಡರ್ವಾಲುಮ್ಯಾಬ್ ಕ್ರಮಕ್ಕೆ ಹೊರಳಬಹುದು. ಮಾತ್ರೆಗಳ ವಿಷಯದಲ್ಲಿ, ವೇರಿಸೀಸ್ ಅಳಿದು ಹುಣ್ಣು ಮಾಗಿದ್ದು ಎಂಡೋಸ್ಕೊಪಿಯಲ್ಲಿ ಖಚಿತವಾದ ಮೇಲೆ ಕಡಿಮೆ ಪ್ರಮಾಣದಿಂದ ಮತ್ತೆ ಆರಂಭಿಸುವವರಿದ್ದಾರೆ. ರಕ್ತಸ್ರಾವದ ಪೆಟ್ಟಿಗೆ ಯಕೃತ್ತೇ ಕುಸಿದು, ಹೊಟ್ಟೆಯಲ್ಲಿ ನೀರು ತುಂಬಿ, ಕಾಮಾಲೆ ಏರಿದ್ದರೆ ಕ್ಯಾನ್ಸರ್ ಔಷಧದಿಂದ ಬದುಕು ಹೆಚ್ಚುವ ಭರವಸೆ ಕಡಿಮೆ. ಆಗ ನೋವು, ಉಬ್ಬಸ, ನಿದ್ದೆಗಳನ್ನು ನೋಡಿಕೊಳ್ಳುವ ಉಪಶಾಮಕ ಆರೈಕೆಯೇ ಮುಖ್ಯ ಚಿಕಿತ್ಸೆಯಾಗುತ್ತದೆ.

ಅಪಾಯವನ್ನು ಎಷ್ಟರ ಮಟ್ಟಿಗೆ ಒಪ್ಪಬೇಕೆಂಬುದು ರೋಗದ ಹಂತದ ಮೇಲೂ ಇದೆ. ಗಡ್ಡೆಯನ್ನು ಕೊಯ್ದು ಅಥವಾ ಸುಟ್ಟು ತೆಗೆದ ಮೇಲೆ ಮರುಕಳಿಸದಿರಲೆಂದು ಅಟೆಜೊಲಿಜುಮ್ಯಾಬ್, ಬೆವಾಸಿಜುಮ್ಯಾಬ್ ಜೋಡಿ ಕೊಟ್ಟ ಇಂಬ್ರೇವ್050 ಪ್ರಯೋಗ 2023ರಲ್ಲಿ ಆಸೆ ಹುಟ್ಟಿಸಿತ್ತು. ಮರುವರ್ಷದ ಲೆಕ್ಕದಲ್ಲಿ ಆ ಲಾಭ ಉಳಿಯಲಿಲ್ಲ. ಗಡ್ಡೆ ಕಣ್ಣೆದುರಿಗಿರುವವರು ಹೊರಬಹುದಾದ ರಕ್ತಸ್ರಾವದ ಅಪಾಯವನ್ನು, ಸ್ಕ್ಯಾನಿನಲ್ಲಿ ಗಡ್ಡೆಯೇ ಕಾಣದವರ ಮೇಲೆ ಹೊರಿಸಲು ಅಷ್ಟು ಲಾಭ ಸಾಲದೆಂದು ಹಲವು ವೈದ್ಯರು ಆ ದಾರಿಯಿಂದ ಹಿಂದೆ ಸರಿದಿದ್ದಾರೆ.